ಎಡಗಡೆಯ ಕನ್ನಡಿ

2025ರ ಫೆಬ್ರವರಿ 13, ಗುರುವಾರ. ಬೆಳಿಗ್ಗೆ 9.40ಕ್ಕೆ ಕಡೂರು ಠಾಣೆಗೆ ಬಂದ ಟ್ಯಾಕ್ಸಿ ಚಾಲಕ ರುದ್ರಮೂರ್ತಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ್, ಬಸ್ ಸ್ಟ್ಯಾಂಡ್ ಹತ್ರ ಕಾರ್ ನಿಲ್ಸಿ ತಿಂಡಿಗೆ ಹೋಗಿದ್ದೆ. ಎಡಗಡೆ ಕನ್ನಡಿ ಬಿಚ್ಕೊಂಡು ಹೋಗವ್ರೆ. ಶೋರೂಮಿನವ್ರು ಹದಿನೆಂಟು ಸಾವಿರದ ನಾನೂರು ಅಂತಾರೆ. ಬರೋಕೆ ಹದಿನೈದು ದಿನವಂತೆ."

"ಒಂದು ಕನ್ನಡಿಗಾ? ಅದ್ರೊಳಗೇನು ಬಂಗಾರ ಇಟ್ಟವ್ರಾ?" ಎಎಸ್‌ಐ ಈರಭದ್ರಪ್ಪ ರೇಗಿದರು. ಬೆಲೆಯ ಮೇಲಿನ ಸಿಟ್ಟು ಎದುರಿಗಿದ್ದವನ ಮೇಲೆ ಹೋಯಿತು.

"ಸೋಮವಾರದಿಂದ ಒಂದು ಆಫೀಸಿಗೆ ವರ್ಷದ ಬಾಡಿಗೆ ಒಪ್ಕೊಂಡಿದೀನಿ ಸಾರ್. ಗಾಡಿ ಪೂರ್ತಿ ನೋಡಿಯೇ ಒಳಗೆ ಬಿಡೋದು. ಕನ್ನಡಿ ಇಲ್ಲ ಅಂದ್ರೆ ಬೇರೆಯವನಿಗೆ ಕೊಡ್ತಾರೆ. ಎರಡು ವರ್ಷ ಅಲೆದಿದೀನಿ."

ಈರಭದ್ರಪ್ಪ ಕಾಗದ ಮುಂದಿಟ್ಟರು. "ಬರಿ. ಕನ್ನಡಿಗೆ ಗುರುತೇನಾದ್ರೂ ಇದೆಯಾ?"

"ನಮ್ಮನೆ ಹತ್ರ ಒಂದು ಪಿಕಳಾರ ಹಕ್ಕಿ ಅದ್ರಲ್ಲಿ ತನ್ನನ್ನೇ ನೋಡ್ಕೊಂಡು ದಿನಾ ಕುಕ್ತದೆ. ಕೆಳಗಿನ ಮೂಲೇಲಿ ಗೀರು ಬಿದ್ದವೆ."

ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಸ್ಥಳದಲ್ಲಿ ಪಂಚನಾಮೆ. ಕಿಟಕಿಯ ಗಾಜು ಇಳಿದೇ ಇತ್ತು. ಕಳ್ಳ ಬಾಗಿಲು ತೆಗೆದು, ಒಳಗಿನ ಮೂರು ನಟ್ಟು ಬಿಚ್ಚಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸಿದ್ದ. ಡ್ಯಾಶ್‌ಬೋರ್ಡಿನಲ್ಲಿದ್ದ ಹಣ ಮುಟ್ಟಿರಲಿಲ್ಲ. ಹೊರಗೆ ಉಳಿದ ವೈರಿನ ತುದಿಗೆ ಬಿಳಿಯ ಹತ್ತಿ ಟೇಪು ಸುತ್ತಿ ಗಂಟು ಹಾಕಿದ್ದ.

"ಕಳ್ಳ ಇಷ್ಟು ಜೋಪಾನ ಮಾಡ್ತಾನಾ ಸಾರ್?" ಕಾನ್‌ಸ್ಟೆಬಲ್ ನಯನ ಕೇಳಿದಳು.

ಈರಭದ್ರಪ್ಪ ಟೇಪನ್ನು ಬೆರಳಿನಲ್ಲಿ ಉಜ್ಜಿದರು. ಊರಿನ ಬೋರ್‌ವೆಲ್ಲಿನ ಮೋಟರ್ ಸುಟ್ಟಾಗಲೆಲ್ಲ ಅದನ್ನು ಹೊತ್ತೊಯ್ದು ರಿಪೇರಿ ಅಂಗಡಿಯಲ್ಲಿ ಕಾದು ಕೂತವರು ಅವರು. "ಕಾರ್ ಮೆಕ್ಯಾನಿಕ್ ಆಗಿದ್ರೆ ಕರೀ ಟೇಪ್ ಸುತ್ತುತಿದ್ದ ಕಣಮ್ಮ. ಇದು ಮೋಟರ್ ವೈಂಡಿಂಗ್ ಮಾಡೋರದ್ದು. ವೈರ್ ಬಿಚ್ಚಿದ ಮೇಲೆ ಕಟ್ಟದೇ ಬಿಡೋಕೆ ಅವರ ಕೈ ಒಪ್ಪಲ್ಲ."

ಪಕ್ಕದ ಟೀ ಅಂಗಡಿಯ ಹನುಮಂತಮ್ಮ ಹೇಳಿಕೆ ಕೊಟ್ಟಳು. "ನೋಡ್ದೆ ಕಣಪ್ಪಾ. ಖಾಕಿ ಶರ್ಟು ಹಾಕಿದ್ದ, ರಿಪೇರಿಯವನು ಅಂದ್ಕೊಂಡೆ. ಟೀ ಕೊಡ್ಲಾ ಅಂತಾನೂ ಕೇಳ್ದೆ."

"ಕುಡಿದ್ನಾ?"

"ಬೇಡ ಕಣಕ್ಕ ಅಂದ."

ಮರುದಿನ ನಯನ ಇದೇ ಮಾಡೆಲಿನ ಕನ್ನಡಿಯ ಬೆಲೆ ಯಾರು ವಿಚಾರಿಸಿದ್ದರೆಂದು ಬಿಡಿಭಾಗದ ಅಂಗಡಿಗಳಲ್ಲೆಲ್ಲ ಕೇಳಿದಳು. ಕಡೂರಿನಲ್ಲಿ ಯಾರೂ ಇಲ್ಲ. ತರೀಕೆರೆಯಲ್ಲಿ ಮಧ್ಯಾಹ್ನ 2.15ಕ್ಕೆ ಅಂಗಡಿಯ ತೀರ್ಥಪ್ಪ ತಲೆಯಾಡಿಸಿದ.

"ಮಂಗಳವಾರ ಬಂದಿದ್ದ. ಪೂರ್ತಿ ಕನ್ನಡಿ ಎಷ್ಟು ಅಂದ. ರೇಟ್ ಹೇಳ್ತಿದ್ದಂಗೆ ಮೆಟ್ಲ ಮೇಲೆ ಕೂತ್ಬಿಟ್ಟ. ಅಜ್ಜಂಪುರದವನು, ವೈಂಡಿಂಗ್ ಅಂಗಡಿ ಇಟ್ಟವ್ನೆ."

15ರ ಶನಿವಾರ, ಬೆಳಿಗ್ಗೆ 10.50, ಅಜ್ಜಂಪುರ. ತಾಮ್ರದ ತಂತಿ ಸುತ್ತುತ್ತಿದ್ದ ಆನಂದ್ ಸಮವಸ್ತ್ರ ಕಂಡು ಎದ್ದು ನಿಂತ.

"ಕನ್ನಡಿ ಎಲ್ಲಿ?"

"ಎದುರುಮನೆ ಯಶೋದಾ ಮೇಡಂ ಕಾರಲ್ಲಿದೆ ಸಾರ್. ಅವರಿಗೇನೂ ಗೊತ್ತಿಲ್ಲ."

"ಯಾಕೆ ಕದ್ದೆ?"

"ಹೋದ ಸೋಮವಾರ ನನ್ನ ಹೆಂಡ್ತಿ ಪ್ರಜ್ಞಾಗೆ ಹೆರಿಗೆ ನೋವು, ರಕ್ತ ಹೋಗ್ತಿತ್ತು. ಆಂಬುಲೆನ್ಸ್ ಬರಲಿಲ್ಲ. ಮೇಡಂ ಕೇಳೋಕೆ ಮುಂಚೆ ಕೀ ಕೊಟ್ರು. ಹಿಂದಿನ ಸೀಟಿಗೆ ತಮ್ಮ ಹೊಸ ಕಂಬಳಿ ಹಾಸಿದ್ರು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರೋವರೆಗೂ ಗಾಡಿ ನಿನ್ನ ಹತ್ರಾನೇ ಇರ್ಲಿ ಅಂದ್ರು. ತರೀಕೆರೆ ಆಸ್ಪತ್ರೆ ಗೇಟಲ್ಲಿ ಟ್ರಾಕ್ಟರಿಗೆ ತಾಗಿ ಕನ್ನಡಿ ಒಡೆದು ಹೋಯ್ತು. ಹಳೇ ಸಾಮಾನಿನ ಅಂಗಡೀಲಿ ಸಿಗಬಹುದು ಅಂತ ಕಡೂರಿಗೆ ಹೋದೆ, ಸಿಗಲಿಲ್ಲ. ಅಂಥದ್ದೇ ಬಿಳೀ ಕಾರು, ಕಿಟಕಿ ತೆಗೆದಿತ್ತು."

"ತಾಯಿ, ಮಗು?"

"ಚೆನ್ನಾಗವ್ರೆ ಸಾರ್. ಹೆಣ್ಣು ಮಗು."

ನಿವೃತ್ತ ಮುಖ್ಯ ಶಿಕ್ಷಕಿ ಯಶೋದಾ ಕಾರಿನ ಕನ್ನಡಿಯ ಮೇಲಿದ್ದ ಬಟ್ಟೆಚೀಲ ತೆಗೆದು ತೋರಿಸಿದರು. ಕೆಳಗಿನ ಮೂಲೆಯಲ್ಲಿ ಗೀರುಗಳಿದ್ದವು. "ಹಕ್ಕಿ ಕುಕ್ಕಬಾರದು ಅಂತ ದಿನಾ ಚೀಲ ಹಾಕ್ತೀನಿ. ಗಾಡಿ ವಾಪಸ್ ಬಂದಾಗಿಂದ ಈ ಗೀರು ಹೇಗೆ ಬಂದ್ವು ಅಂತ ಯೋಚಿಸ್ತಾನೇ ಇದ್ದೆ."

ಕನ್ನಡಿ ಜಪ್ತಿಯಾಯಿತು. 12.10ಕ್ಕೆ ಆನಂದ್ ಬಂಧನ ಪತ್ರಕ್ಕೆ ಸಹಿ ಮಾಡಿದ. ಅವನ ಅಂಗಡಿಯ ಮೂಲೆಯಲ್ಲಿದ್ದ, ಯಶೋದಾ ಕಾರಿನ ಒಡೆದ ಕನ್ನಡಿಯನ್ನು ಈರಭದ್ರಪ್ಪ ಬೀದಿಯ ಮೆಕ್ಯಾನಿಕ್ ಶಶಿಯ ಕೈಗಿಟ್ಟರು. ಅವನು ತಿರುಗಿಸಿ ನೋಡಿದ.

"ಮೋಟರ್ ಸರಿ ಇದೆ, ಮೈ ಸರಿ ಇದೆ. ಬರೀ ಗಾಜು ಸಾರ್. ಆರ್ನೂರೈವತ್ತು ಕೊಟ್ರೆ ಸಾಯಂಕಾಲಕ್ಕೆ ಹಾಕಿ ಕೊಡ್ತೀನಿ."

ಈರಭದ್ರಪ್ಪನವರ ಮುಖ ಕೆಂಪಾಯಿತು. "ಲೇ! ಊರಿನ ಮೋಟರೆಲ್ಲ ಬಿಚ್ಚಿ ಸುಟ್ಟ ತಂತಿ ಒಂದನ್ನೇ ಬದಲಾಯಿಸೋನು ನೀನು! ಇದನ್ಯಾಕೋ ಬಿಚ್ಚಿ ನೋಡ್ಲಿಲ್ಲ?"

"ಮೇಡಮ್ಮೋರ ಸಾಮಾನು ಸಾರ್. ಇನ್ನಷ್ಟು ಕೆಡಿಸಿಬಿಟ್ರೆ ಅಂತ ಹೆದರ್ಕೊಂಡೆ."

"ಅವರಿಗೆ ಒಂದು ಮಾತು ಹೇಳೋಕೇನಾಗಿತ್ತು?"

"ಬಾಯಿ ಬರ್ಲಿಲ್ಲ ಸಾರ್."

ಯಶೋದಾ ಕಣ್ಣೊರೆಸಿಕೊಂಡರು. "ನಾನು ಕಾರ್ ಕೇಳಿದ್ನೇನೋ ಆನಂದ? ಮಗು ಹೇಗಿದೆ ಅಂತ ತಾನೇ ಕೇಳಿದ್ದು?"

ಅಷ್ಟರಲ್ಲಿ ರುದ್ರಮೂರ್ತಿಯ ಫೋನ್ ಬಂತು. ಕನ್ನಡಿ ಸಿಕ್ಕಿತೆಂದು ಹಿಗ್ಗಿದವನಿಗೆ, ಜಪ್ತಿಯಾದ ವಸ್ತು ನ್ಯಾಯಾಲಯದ ಆದೇಶವಿಲ್ಲದೆ ಬಿಡುವಂತಿಲ್ಲ ಎಂದು ಈರಭದ್ರಪ್ಪ ಹೇಳಬೇಕಾಯಿತು. "ಹಂಗಾದ್ರೆ ಸೋಮವಾರದ ಬಾಡಿಗೆ ಹೋಯ್ತು ಸಾರ್" ಎಂದು ಅವನು ಅಂದಿದ್ದು ಪಕ್ಕದಲ್ಲಿದ್ದ ಯಶೋದಾಗೂ ಕೇಳಿಸಿತು.

"ಸೋಮವಾರ ಏನು ಮಾಡ್ತಾನೆ ಪಾಪ?" ಎಂದು ಯಶೋದಾ ಕೇಳಿದರು. ಆಮೇಲೆ ಅವರೇ ಹೇಳಿದರು: "ಗಾಜು ಹಾಕಿಸಿ ನನ್ನ ಕನ್ನಡೀನ ಅವನ ಕಾರಿಗೆ ಕೂರಿಸಿ. ಅವನದು ಬರೋವರೆಗೂ ಇಟ್ಕೊಳ್ಳಲಿ. ನಾನು ಎಲ್ಲಿಗೂ ಹೋಗಬೇಕಾಗಿಲ್ಲ." ಆನಂದನಿಗೆ ಜಾಮೀನು ನಿಲ್ಲುವುದಕ್ಕೆ ಪಹಣಿ ತರಬೇಕೋ ಆಧಾರ್ ಸಾಕೋ ಎಂದೂ ವಿಚಾರಿಸಿದರು.

ಸೋಮವಾರ 8.25ಕ್ಕೆ ಈರಭದ್ರಪ್ಪನವರ ಫೋನ್ ಬಡಿದುಕೊಂಡಿತು.

"ಸಾರ್, ಒಳಗೆ ಬಿಟ್ರು! ಆ ಮೇಡಂಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆನಂದನ ಕೇಸು ರಾಜಿ ಮಾಡ್ಕೊಳ್ಳೋಕೆ ಎಲ್ಲಿ ಸಹಿ ಹಾಕ್ಬೇಕು?"

"ಗಾಡಿ ಓಡಿಸ್ತಾ ಫೋನ್ ಮಾಡ್ತಿದೀಯೇನೋ?"

"ಇಲ್ಲ ಸಾರ್, ನಿಲ್ಸಿದೀನಿ."

"ಕೋರ್ಟಲ್ಲಿ ಕಣೋ. ಬಾ, ನಾನೇ ತೋರಿಸ್ತೀನಿ." ಸ್ವರ ಇಳಿದಿದ್ದು ನಯನಳಿಗೆ ಕೇಳಿಸಿತು. ಅವಳು ತಲೆ ಎತ್ತಲಿಲ್ಲ.

ಈರಭದ್ರಪ್ಪ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಉಪಕಾರ ಮಾಡಿದವರ ವಸ್ತುವನ್ನು ಅವರು ಕೊಟ್ಟ ಹಾಗೆಯೇ ಹಿಂದಿರುಗಿಸುವುದು.