ದ್ಯಾವಪ್ಪನ ಪಾಲಿನ ಬೇಳೆ

ದ್ಯಾವಪ್ಪನ ಹೆಣ ಸಿಕ್ಕಿದ್ದು ಶಹಾಪುರದಾಚೆ, ಅಗೆಯುತ್ತಿದ್ದ ಹೊಸ ಕಾಲುವೆಯಲ್ಲಿ. ಅಲ್ಲಿ ನಿಂತಿದ್ದ ಮಳೆನೀರು ಸೊಂಟದ ಮಟ್ಟ ಅಷ್ಟೆ. ಮೂವತ್ತರ ಗಟ್ಟಿ ಆಳು ಅಷ್ಟು ನೀರಿನಲ್ಲಿ ಮುಳುಗಿದ್ದು ಹೇಗೆ?

"ಅವನ ಜೋಡಿ ದುಡಿಯೋ ಜಮಾಲಸಾಬ ದಬ್ಬ್ಯಾನ್ರಿ ಸಾಹೇಬ್ರ," ಎಂದ ಕಾಲುವೆ ಆಳುಗಳ ಕ್ಯಾಂಪಿನ ರೇಷನ್ ಅಂಗಡಿಯ ಜಗದೇವಪ್ಪ. "ನಿನ್ನಿ ಇಬ್ರೂ ಜಗಳಾಡಿದ್ರು."

ಸಬ್ ಇನ್‌ಸ್ಪೆಕ್ಟರ್ ಭೀಮರಾಯ ಜಮಾಲಸಾಬನನ್ನು ಕರೆಸಿದ. ಅವನು ಕೋಲೂರಿಕೊಂಡು, ತುದಿಗಾಲಲ್ಲಿ ಬಂದ. ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು.

"ದ್ಯಾವಪ್ಪನ ಕಾಲೂ ನನ್ನಂಗ ಸೆಟೆದಿದ್ವು. ಕೆಲಸಕ್ಕ ಬರಬ್ಯಾಡ ಅಂದೆ, ಅದಕ್ಕ ಜಗಳ. ನಿಲ್ಲಾಕ ಬರದ ನಾ ಯಾರ್ನ ದಬ್ಬಲ್ರಿ?"

ಭೀಮರಾಯ ಹೆಣದ ಚಪ್ಪಲಿ ತಿರುಗಿಸಿ ನೋಡಿದ. ಹಿಮ್ಮಡಿ ಹೊಸದರಂತಿತ್ತು. ತುದಿ ಪೂರ್ತಿ ಸವೆದಿತ್ತು.

\* \* \*

ದ್ಯಾವಪ್ಪನ ಹೆಂಡತಿ ಮರಿಲಿಂಗಮ್ಮ ಎದ್ದು ನೀರು ತಂದುಕೊಟ್ಟಳು. ನಡಿಗೆ ನೆಟ್ಟಗಿತ್ತು.

"ನಿನ್ನ ಕಾಲು ನೆಟ್ಟಗ ಅದಾವ. ಗಂಡಾ ಹೆಂಡ್ತಿ ಇಬ್ರೂ ಒಂದ ಗಡಿಗ್ಯಾಗ ಉಂಡೀರಲ್ಲವ್ವಾ?"

"ಇಲ್ರಿ ಯಪ್ಪಾ. ಮೂರು ತಿಂಗಳಾತು, ಅಂಗಡ್ಯಾಗ ಜ್ವಾಳ ಕೊಡವಲ್ರು. ಬ್ಯಾಳಿ, ಬ್ಯಾಳಿ ಹಿಟ್ಟು ಅಷ್ಟ. ಮಣ್ಣು ಹೊರಾವ ಅಂತ ಎಲ್ಲಾ ಅವಗ ಬಡಸ್ತಿದ್ದೆ. ನಾ ಊರಿಂದ ತಂದ ಜ್ವಾಳದ ಗಂಜಿ ಕುಡೀತಿದ್ದೆ."

ಭೀಮರಾಯ ಒಂದು ಹಿಡಿ ಬೇಳೆ ಕಟ್ಟಿಕೊಂಡ.

\* \* \*

ಆಸ್ಪತ್ರೆಯಲ್ಲಿ ಡಾಕ್ಟರ್ ಕುಬ್ರಾಬೇಗಂ ಅದನ್ನು ಅಂಗೈಯಲ್ಲಿ ಹರಡಿದರು.

"ಇದು ತೊಗರಿ ಅಲ್ರಿ. ಒಂದು ಮಗ್ಗಲು ಇಳಿಜಾರು ನೋಡ್ರಿ. ಕೇಸರಿ ಬ್ಯಾಳಿ, ತೊಗರಿಯಂಗ ಕಾಣೋ ಬ್ಯಾರೆ ಕಾಳು. ಇದರಾಗ ಒಂದು ಅಮೈನೋ ಆಮ್ಲ ಅದ. ಕಾಲಿಗೆ ಅಪ್ಪಣಿ ಕೊಡೋ ಮಿದುಳಿನ ಜೀವಕೋಶಗಳನ್ನ ಅದು ಕೆರಳಸ್ತದ. ತಿಂಗಳಗಟ್ಟಲೆ ಇದನ್ನ ಉಂಡ್ರ ಕೋಶ ಕೆರಳಿ ಕೆರಳಿ ಸಾಯ್ತಾವ. ಸತ್ತದ್ದು ಮತ್ತ ಹುಟ್ಟಂಗಿಲ್ಲ."

"ಕೋಲೂರಿ ನಡಿಯೋ ಜಮಾಲಸಾಬನ ಗತಿ?"

"ಇನ್ನ ಆ ಕೋಲು ಕೈಬಿಡಂಗಿಲ್ರಿ."

\* \* \*

ಭೀಮರಾಯ ಆಳುಗಳನ್ನೆಲ್ಲ ಅಂಗಡಿಯ ಮುಂದೆ ಸೇರಿಸಿದ. ಅಂಗಡಿಯ ಬೇಳೆಯನ್ನೇ ಬೇಯಿಸಿ ಜಗದೇವಪ್ಪನ ಮುಂದಿಟ್ಟ.

"ಉಣ್ಣು."

ಜಗದೇವಪ್ಪನ ಕೈ ಮುಂದೆ ಬರಲಿಲ್ಲ.

"ಒಂದು ತುತ್ತಿಗೆ ಏನೂ ಆಗಂಗಿಲ್ಲ. ಆದ್ರೂ ಅಂಜಾಕತ್ತಿ. ಅಂದ್ರ ನಿನಗ ಗೊತ್ತಿತ್ತು. ನಿನ್ನ ಮನಿ ಡಬ್ಬ್ಯಾಗ ತೊಗರಿ ಇದ್ದದ್ದು ನೋಡಿ ಬಂದೀನಿ, ಇವರ ಚೀಲದಾಗ ಕೇಸರಿ. ದ್ಯಾವಪ್ಪನ್ನ ಯಾರೂ ದಬ್ಬಿಲ್ಲ. ದಂಡಿ ಮ್ಯಾಲ ಜಾರಿ ಬಿದ್ದಾನ. ಸೆಟೆದ ಕಾಲು ಎದ್ದು ನಿಲ್ಲಾಕ ಬಿಡಲಿಲ್ಲ."

"ದನಕ್ಕಂತ ಅಗ್ಗ ಸಿಕ್ಕಿತ್ರಿ... ಸಾಯ್ತಾರಂತ ತಿಳಿದಿದ್ದಿಲ್ಲ."

"ಕಾಲು ಹೋಗ್ತಾವಂತ ತಿಳಿದಿತ್ತಲ್ಲ?"

ಜಗದೇವಪ್ಪ ಎರಡೂ ಕೈ ಮುಂದೆ ಚಾಚಿದ. ಕಾನ್‌ಸ್ಟೇಬಲ್ ಬೇಡಿ ಹಾಕಿದ.

ಮರಿಲಿಂಗಮ್ಮ ಅವನ ಕಡೆ ನೋಡಲೂ ಇಲ್ಲ.

"ಸಾಹೇಬ್ರ, ನನ್ನ ಗಂಡ ಸಾಕು ಅಂದ್ರೂ ನಾನ ಇನ್ನೊಂದು ಸೌಟು ಹಾಕ್ತಿದ್ದೆ."

"ನೀ ಹಾಕಿದ್ದು ಊಟ, ತಾಯಿ. ವಿಷ ಹಾಕಿದಾವ ಇವ."

ಅವಳು ಸೌಟು ಹಿಡಿಯುತ್ತಿದ್ದ ತನ್ನ ಬಲಗೈಯನ್ನೇ ನೋಡುತ್ತ ನಿಂತಿದ್ದಳು.