ಎಡಚನ ಹೊಲಿಗೆ

“ಅಯ್ಯೋ... ಇದು ನನ್ನ ಹೊಲಿಗೆಯಲ್ಲ!”

ಬೀರುವಿನ ಮುಂದೆ ಮಂಡಿಯೂರಿ ಕುಳಿತಿದ್ದ ಅಕ್ಕನ ಬಾಯಿಂದ ಮಾತು ತಾನಾಗಿ ಹೊರಬಿತ್ತು. ಅವಳ ತೊಡೆಯ ಮೇಲೆ ತಮ್ಮನ ಬಂದೂಕು, ದಪ್ಪ ಕ್ಯಾನ್‌ವಾಸಿನ ಗವಸಿನೊಳಗೆ. ಗವಸು ಹೊಲಿದವಳು ಅವಳೇ. ಅದರ ಬಾಯಿಯನ್ನು ಮೇಣ ಹಚ್ಚಿದ ದಾರದಿಂದ ಮುಚ್ಚಿಬಿಟ್ಟವಳೂ ಅವಳೇ. ದಿನವೂ ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಬೀರು ತೆಗೆದು, ಕತ್ತಲಲ್ಲೇ ಆ ಹೊಲಿಗೆಯ ಮೇಲೊಮ್ಮೆ ಬೆರಳಾಡಿಸಿ, “ಸದ್ಯ” ಎಂದು ಉಸಿರು ಬಿಡುವುದು ಅವಳ ರೂಢಿ. ಇಂದು ಕೋಣೆ ಗುಡಿಸಲೆಂದು ಕಿಟಕಿ ತೆರೆದಿದ್ದಳು. ಬೆಳಕು ಬಿದ್ದಿತ್ತು. ದಾರ ಅದೇ, ಬಣ್ಣ ಅದೇ. ಆದರೆ ಅವಳ ಹೊಲಿಗೆ ಬಲಕ್ಕೆ ವಾಲುತ್ತದೆ, ಇದು ಎಡಕ್ಕೆ ವಾಲಿತ್ತು. ಅದೂ ಒಂದು ಸಲದ ಕೆಲಸವಲ್ಲ. ಸೂಜಿ ಹೊಕ್ಕು ಹೊಕ್ಕು ಬಟ್ಟೆ ಜಾಳಾಗಿತ್ತು. ಆ ಮನೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವನು ತಮ್ಮನೊಬ್ಬನೇ. ಚಿಕ್ಕಂದಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಎಡಚಾ, ಗುಂಡಿ ಹಾಕೋದು ಹೀಗೆ ಕಣೋ” ಎಂದು ಕಲಿಸಿಕೊಟ್ಟ ಮಹಾತಾಯಿಯೂ ಅವಳೇ!

ಎಡಚ ಬ್ಯಾಂಕಿನ ಬಾಗಿಲಲ್ಲಿ ತನ್ನದೇ ಬಂದೂಕು ಹಿಡಿದು ನಿಲ್ಲುತ್ತಿದ್ದ ಕಾವಲುಗಾರ. ಒಳ್ಳೆಯ ಆಳು. ಮುದುಕರು ಮೆಟ್ಟಿಲು ಹತ್ತುವಾಗ ಕೈ ಕೊಡುತ್ತಿದ್ದ, ಮಕ್ಕಳಿಗೆ ಸಲಾಮು ಹೊಡೆದು ನಗಿಸುತ್ತಿದ್ದ. ಅಂಥವನಿಗೆ ಒಂದು ದಿನ ಬ್ಯಾಂಕಿಗೆ ಬರುವವರೆಲ್ಲ ತನ್ನನ್ನೇ ಗುರುತು ಹಾಕಿಕೊಳ್ಳುತ್ತಿದ್ದಾರೆ ಅನ್ನಿಸತೊಡಗಿತು. ಆಮೇಲೆ ಗೋಡೆಯೊಳಗೆ ಮಾತು ಕೇಳತೊಡಗಿತು. ನಿದ್ದೆ ಹೋಯಿತು, ಕೆಲಸವೂ ಹೋಯಿತು. ಬೀದಿಯವರು ಕೇಳಿದರೆ ಅಕ್ಕನ ಬಾಯಲ್ಲಿ ಉತ್ತರ ಸಿದ್ಧವಿತ್ತು: “ಬೆನ್ನು ನೋವು ಕಣ್ರೀ. ನಿಂತೂ ನಿಂತೂ ಹಿಡ್ಕೊಂಡುಬಿಟ್ಟಿದೆ.” ಮನೆಯ ಮುಂಭಾಗದಲ್ಲೇ ಅವಳ ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದವರೆಲ್ಲ ಆ ಬೆನ್ನಿಗೆ ಒಂದೊಂದು ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು. ಎಲ್ಲ ಎಣ್ಣೆಯನ್ನೂ ಅಕ್ಕ ತಂದಿಟ್ಟಳು. ಸುಳ್ಳಿಗೆ ಎಷ್ಟು ಎಣ್ಣೆ ಹಚ್ಚಿದರೆ ಏನು ಬಂತು!

ತಮ್ಮನ ಹೆಂಡತಿ ಮಾತ್ರ ಸುಳ್ಳು ಹೇಳಲಾರದವಳು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, “ಅತ್ತಿಗೆ, ಡಾಕ್ಟರಿಗೆ ತೋರಿಸೋಣ. ಬಂದೂಕನ್ನ ಪೊಲೀಸರಿಗೆ ಒಪ್ಪಿಸಿಬಿಡೋಣ. ಮಗು ಇರೋ ಮನೆ, ನಂಗೆ ಭಯ ಆಗತ್ತೆ” ಎಂದಿದ್ದಳು. ಗಿರಾಕಿಗಳು ನಿಂತಿದ್ದರು. ಎಲ್ಲಿ ಯಾರ ಕಿವಿಗೆ ಬಿತ್ತೋ ಎಂದು ಅಕ್ಕನ ಮೈಯೆಲ್ಲ ಉರಿದುಹೋಯಿತು. “ಕಟ್ಕೊಂಡ ಗಂಡನ್ನ ಪೊಲೀಸರಿಗೆ ಹಿಡಿದುಕೊಡೋಕೆ ಹೊರಟಿದೀಯಲ್ಲ, ನೀನೂ ಒಬ್ಬಳು ಹೆಣ್ಣಾ? ಬೆನ್ನು ನೋವು ಅಂತ ಬಿದ್ದಿರೋ ಗಂಡ ಹೊರೆಯಾದನಾ?” ಎಂದು ಹತ್ತು ಜನರ ಎದುರು ಅಬ್ಬರಿಸಿದ್ದಳು. ತಮ್ಮನ ಹೆಂಡತಿ ಅಂದೇ ಮಗಳ ಕೈ ಹಿಡಿದು ತವರಿಗೆ ಹೋದಳು. ಗಂಡನನ್ನು ಬಿಟ್ಟುಹೋದವಳು ಎಂಬ ಹೆಸರನ್ನು ಅವಳಿಗೆ ಕಟ್ಟಿದವಳು ಅಕ್ಕ. ಅದನ್ನು ಬೀದಿಗೆಲ್ಲ ಹಂಚಿದವಳು ಅಮ್ಮ.

ಎಷ್ಟೋ ತಿಂಗಳಾದ ಮೇಲೆ ಅವಳನ್ನು ಫೋನಿನಲ್ಲಿ ಬೇಡಿಕೊಂಡವಳೂ ಅಕ್ಕನೇ. “ಬಾರಮ್ಮ, ಅವನು ಮಗಳ ಹೆಸರು ಹಿಡಿದು ಅಳ್ತಾನೆ. ಬಂದೂಕಿನ ಚಿಂತೆ ಬಿಡು, ಗವಸಿನಲ್ಲಿಟ್ಟು ಬಾಯಿ ಹೊಲಿದುಬಿಟ್ಟಿದೀನಿ. ಗುಂಡು ನನ್ನ ಗುಂಡಿ ಡಬ್ಬಿಯ ತಳದಲ್ಲಿದೆ. ನನ್ನ ಹೊಲಿಗೆ ಬಿಚ್ಚೋರು ಇನ್ನೂ ಹುಟ್ಟಿಲ್ಲ!” ಎಂದು ಜಂಬ ಬೇರೆ ಕೊಚ್ಚಿದ್ದಳು. ಇವತ್ತು ಸಂಜೆಯ ಬಸ್ಸಿಗೆ ತಾಯಿ ಮಗಳು ಬರುವವರಿದ್ದರು.

ಅಕ್ಕ ಬಂದೂಕನ್ನು ಒಳಗಿಟ್ಟು, ಇಷ್ಟು ದಿನ ಹಾಕದಿದ್ದ ಬೀಗ ಹಾಕಿ, ಗುಂಡಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ಬಿಳಿ ಗುಂಡಿ, ಕರಿ ಗುಂಡಿ, ಕೊಕ್ಕೆ, ಪಿನ್ನು... ತಳ ಬರಿದಾಗಿತ್ತು.

ತಮ್ಮ ಎಂದಿನಂತೆ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ಟೀ ಲೋಟ ಕೈಗಿಟ್ಟು ಅಕ್ಕ ಮೆಲ್ಲಗೆ ಕೇಳಿದಳು.

“ಇವತ್ತು ಅವಳು ಬರ್ತಾಳೆ. ಖುಷಿನಾ ಎಡಚಾ?”

ಅವನು ಬೀದಿಯಿಂದ ಕಣ್ಣು ಕೀಳಲಿಲ್ಲ. “ಬರೋಳು ಅವಳಲ್ಲ ಅಕ್ಕಾ. ಅವಳ ಥರಾನೇ ಇರೋ ಇನ್ನೊಬ್ಬಳನ್ನ ಕಳಿಸ್ತಿದಾರೆ. ಮಗೂನೂ ಬದಲಾಯಿಸಿದಾರೆ. ನೀನು ಹೆದರ್ಕೋಬೇಡ. ನಾನಿದೀನಿ, ನೋಡ್ಕೋತೀನಿ.”

ಎಷ್ಟು ಪ್ರೀತಿಯಿಂದ ಹೇಳಿದ! ಬ್ಯಾಂಕಿನ ಮೆಟ್ಟಿಲ ಮೇಲೆ ಮುದುಕರಿಗೆ ಹೇಳುತ್ತಿದ್ದ ಅದೇ ದನಿ. ಅಕ್ಕ ಒಳಗೆ ಓಡಿದಳು.

ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದಳು. ಅಮ್ಮ ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ಉಪಾಯ ಹೇಳಿದಳು. “ಅವಳಿಗೊಂದು ಫೋನು ಮಾಡು. ನಲ್ಲಿಯಲ್ಲಿ ನೀರು ಬರ್ತಿಲ್ಲ, ಮುಂದಿನ ವಾರ ಬಾ ಅನ್ನು. ಅಷ್ಟರಲ್ಲಿ ಅವನು ಸರಿಹೋಗ್ತಾನೆ.”

ನಾಚಿಕೆಗೇಡು ಎಂದರೆ ಇದು: ಅಕ್ಕ ಫೋನು ಕೈಗೆತ್ತಿಕೊಂಡಳು! ಒಂದು ಸುಳ್ಳು, ಅಷ್ಟೇ. ಎಷ್ಟು ಹಗುರ! ನಂಬರು ಒತ್ತುವಾಗ ಪಕ್ಕದ ಮನೆಯ ಮೇಷ್ಟ್ರು ತಮ್ಮನಿಗೆ “ಬೆನ್ನು ಹೇಗಿದೆಯಪ್ಪಾ?” ಎಂದು ಕೇಳಿ ಮುಂದೆ ಹೋದದ್ದು ಕೇಳಿಸಿತು. ಗೋಡೆಯೊಳಗೆ ಮಾತಾಡುವವರು ಆ ಮೇಷ್ಟ್ರೇ ಎಂದು ತಮ್ಮ ಎಷ್ಟೋ ಸಲ ಹೇಳಿದ್ದ. ತಮ್ಮನ ಹೆಂಡತಿಗೆ ಬರಬೇಡ ಎನ್ನಬಹುದು. ಆ ಬಡಪಾಯಿ ಮೇಷ್ಟ್ರಿಗೆ ಅವರದೇ ಮನೆಯಲ್ಲಿ ಇರಬೇಡಿ ಎನ್ನಲಾದೀತೇ? ತಮ್ಮನನ್ನು ತಮ್ಮನಿಂದಲೇ ಕಾಯುವವರು ಯಾರು? ಅಕ್ಕ ಫೋನು ಕೆಳಗಿಟ್ಟಳು.

“ಠಾಣೆಗೆ ಹೋಗಿ ಹೇಳ್ತೀನಮ್ಮಾ.”

“ಹುಚ್ಚನ ತಾಯಿ ಅಂತ ನನ್ನನ್ನ ಕರೆಸ್ತೀಯಾ? ಒಡಹುಟ್ಟಿದೋಳಾ ನೀನು? ಎತ್ತಿ ಆಡಿಸಿದ ಕೈಯಲ್ಲಿ ಬೇಡಿ ಹಾಕಿಸ್ತೀಯಾ?”

“ಅವಳೂ ಇದನ್ನೇ ಹೇಳಿದ್ದಳಮ್ಮಾ... ನಾನು ಅವಳನ್ನ ಹತ್ತು ಜನರೆದುರು ನಿಲ್ಲಿಸಿ ಬೈದೆ. ಬಂದೂಕಿಗಿಂತ ಗಿರಾಕಿಗಳಿಗೆ ಹೆದರಿದೆ. ಇನ್ನು ಸಾಕು.”

“ಹೋಗು! ಹೋದರೆ ತಿರುಗಿ ಬಂದು ಅಮ್ಮಾ ಅನ್ನಬೇಡ!”

ಬೀರುವಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅಕ್ಕ ಹೊರಟಳು. ಅಂಗಡಿ ಬಾಗಿಲಲ್ಲಿದ್ದ ತಮ್ಮನಿಗೆ “ದಾರ ತರ್ತೀನಿ ಕಣೋ” ಎಂದಳು. ಅವನು ಎದ್ದು ದಾರಿ ಬಿಟ್ಟ.

ಠಾಣೆಯಲ್ಲಿ ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಹೆಂಗಸು. “ಏನಮ್ಮಾ?” ಎಂದಾಗ ಅಕ್ಕ, “ನನ್ನ ತಮ್ಮ...” ಎಂದಳು. “ತಮ್ಮನಿಗೆ ಬೆನ್ನು ನೋವು.”

ಅಧಿಕಾರಿ ಪೆನ್ನು ಕೆಳಗಿಟ್ಟಳು. “ಬೆನ್ನು ನೋವಿಗೆ ಠಾಣೆಗೆ ಬಂದ್ರಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅಕ್ಕನಿಗೆ ಬುದ್ಧಿ ಬಂದಿತ್ತು, ನಾಲಿಗೆಗೆ ಬಂದಿರಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕಿದಳು. “ಬೆನ್ನು ನೋವಲ್ಲ... ಮನಸ್ಸಿನ ಕಾಯಿಲೆ. ನಾವೇ ಮುಚ್ಚಿಟ್ವಿ. ಅವನ ಹತ್ತಿರ ಬಂದೂಕಿದೆ. ಗುಂಡು ಕಾಣ್ತಿಲ್ಲ. ಅವನು ಕೆಟ್ಟವನಲ್ಲಮ್ಮಾ, ಹೊಡೀಬೇಡಿ, ಕೈಮುಗೀತೀನಿ...” ಆಮೇಲೆ ಮಾತು ಒಡೆದ ಕೆರೆಯಂತೆ ಹರಿಯಿತು. ಅಧಿಕಾರಿ ನೀರು ಕೊಟ್ಟಳು, ಆಸ್ಪತ್ರೆಗೆ ತಾನೇ ಫೋನು ಮಾಡಿದಳು. ಬೇಡಿಯ ಮಾತೇ ಎತ್ತಲಿಲ್ಲ. ಬೀಗದ ಕೈ ಇಸಿದುಕೊಂಡು, “ನಾವು ಹಿಂದಿನ ಕೋಣೆಗೆ ಹೋಗೋವಾಗ ಅವರನ್ನ ಮುಂದೆ ಹಿಡಿದಿಟ್ಕೋತೀರಾ?” ಎಂದಷ್ಟೇ ಕೇಳಿದಳು.

ಹಿಡಿದಿಟ್ಟುಕೊಂಡಳು. ಹೇಗೆ ಎಂಬುದನ್ನು ನೆನೆದರೆ ಈಗಲೂ ಅಕ್ಕ ತಲೆ ತಗ್ಗಿಸುತ್ತಾಳೆ. “ಎಡಚಾ, ಕಣ್ಣು ಮಂಜು ಕಣೋ, ಸೂಜಿಗೆ ದಾರ ಪೋಣಿಸಿಕೊಡು” ಎಂದಳು. ಅವನು ಎಲ್ಲ ಬಿಟ್ಟು ಸೂಜಿಯನ್ನು ಬೆಳಕಿಗೆ ಹಿಡಿದ. ಮಫ್ತಿಯಲ್ಲಿದ್ದ ಅಧಿಕಾರಿಯೂ ಇನ್ನೊಬ್ಬ ಪೊಲೀಸೂ ಅಳತೆ ಕೊಡಲು ಬಂದವರಂತೆ ಒಳನಡೆದರು. ದಾರ ಸೂಜಿಯ ಕಣ್ಣಿಗೆ ಹೊಕ್ಕಿತು. ಒಳಗೆ ಗವಸು ಹರಿದ ಸದ್ದು, ಆಮೇಲೆ ಬಂದೂಕನ್ನು ನಡುವೆ ಮಡಚಿ ತೆರೆದ ಸದ್ದು. ಬೆಳಿಗ್ಗೆ ಅಕ್ಕ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳಲ್ಲ, ಆಗಲೂ ಎರಡು ನಳಿಗೆಗಳಲ್ಲೂ ಗುಂಡು ತುಂಬಿತ್ತು! ಹೊರಗೆ ಬಂದ ಅಧಿಕಾರಿಯ ಅಂಗೈಯಲ್ಲಿ ಅವನ್ನು ಕಂಡು ಅಮ್ಮ ಬಾಯಿಗೆ ಕೈ ಒತ್ತಿಕೊಂಡು ಗೋಡೆಗೊರಗಿ ಕುಸಿದಳು.

ತಮ್ಮ ಆ ಅಂಗೈ ನೋಡಿದ. ಅಕ್ಕನನ್ನು ನೋಡಿದ. ಸೂಜಿ ಇನ್ನೂ ಅವನ ಕೈಯಲ್ಲೇ ಇತ್ತು.

“ನೀನಾ ಅಕ್ಕಾ?”

“ಹೂಂ ಕಣೋ... ನಾನೇ.”

“ಹೊಲಿಗೆ ಕೆಡಿಸಿದೆ ಅಂತ ಕೋಪಾನಾ? ನೀನು ಬೇಜಾರು ಮಾಡ್ಕೋತೀಯ ಅಂತ ಪ್ರತಿಸಲಾನೂ ಮೊದಲಿನ ಹಾಗೇ ಹೊಲಿದಿಟ್ಟೆನಲ್ಲಾ...”

ಅಯ್ಯೋ! ಆ ಮಾತಿಗಿಂತ ಗುಂಡೇ ತಾಕಿದ್ದರೆ ಮೇಲಿತ್ತು. ಅಕ್ಕ ಅವನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಅವನು ಅಳಲಿಲ್ಲ.

ಬೀದಿಯಲ್ಲಿ ಜೀಪು ಕಂಡ ಮೇಲೆ ಕೇಳಬೇಕೇ? ಎದುರುಮನೆಯಾಕೆ ಒದ್ದೆ ಕೈಯಲ್ಲೇ ಓಡಿಬಂದಳು. “ಏನ್ರೀ, ತಮ್ಮನಿಗೆ ಬೆನ್ನು ತೀರಾ ಜಾಸ್ತಿ ಆಯ್ತಾ?” ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.  ಆದರೂ ಹೇಳಿದಳು: “ಬೆನ್ನಲ್ಲ ಕಣ್ರೀ, ಮನಸ್ಸಿಗೆ ಕಾಯಿಲೆ. ಪೊಲೀಸರನ್ನ ಕರೆಸಿದೋಳು ನಾನೇ. ಅವನ ಹೆಂಡತಿ ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ.” ಆಕೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಳು.

ಆಮೇಲೆ ತಮ್ಮನ ಹೆಂಡತಿಗೆ ಫೋನು. ಈ ಸಲ ಸುಳ್ಳಿರಲಿಲ್ಲ. “ಮಗೂನ ಅಲ್ಲೇ ಬಿಟ್ಟು ನೀನು ಆಸ್ಪತ್ರೆಗೆ ಬಾರಮ್ಮ. ನನ್ನ ಹೊಲಿಗೆ ಬಿಚ್ಚಿಹೋಗಿತ್ತು...”

ಸಂಜೆ ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ಅವಳು ಬಂದು ನಿಂತಳು. ಅವನ ಕಣ್ಣಿಗೆ ಬೀಳದ ಹಾಗೆ, ದೂರದ ಕಂಬದ ಮರೆಯಲ್ಲಿ. ಅಕ್ಕ ಹತ್ತಿರ ಹೋಗಿ, ಚಿಕ್ಕವಳು ಎಂಬುದನ್ನೂ ನೋಡದೆ ಕೈ ಮುಗಿದಳು. “ಅವತ್ತು ಎಲ್ಲರ ಮುಂದೆ ಅಂದೆ. ಇವತ್ತು ಎಲ್ಲರ ಮುಂದೆ ಕೇಳ್ತಿದೀನಿ... ಕ್ಷಮಿಸು ತಾಯಿ.” ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. “ಅವರು ಏನಾದ್ರೂ ತಿಂದ್ರಾ ಅತ್ತಿಗೆ?” ಎಂದಳು.

ತಿಂದಿರಲಿಲ್ಲ, ಮಲಗಿಯೂ ಇರಲಿಲ್ಲ. ವಾರ್ಡಿನ ಬಾಗಿಲಲ್ಲಿ ಸ್ಟೂಲು ಎಳೆದುಕೊಂಡು ನೆಟ್ಟಗೆ ಕುಳಿತಿದ್ದ. ನರ್ಸು ಕೊಟ್ಟ ಮಾತ್ರೆ ಅಂಗೈಯಲ್ಲೇ ಇತ್ತು.

“ನುಂಗಿ ಮಲಗು ಎಡಚಾ.”

“ಮಲಗಿದರೆ ಬಾಗಿಲು ಯಾರು ಕಾಯ್ತಾರೆ? ಬಂದೂಕನ್ನೂ ಕೊಟ್ಟುಬಿಟ್ಟೆ ನೀನು.”

ಅಕ್ಕ ಅವನ ಭುಜ ಹಿಡಿದು ಎಬ್ಬಿಸಿ, ಆ ಸ್ಟೂಲಿನ ಮೇಲೆ ತಾನೇ ಕುಳಿತಳು. ಅವನ ಹಾಗೇ ಬೆನ್ನು ನೆಟ್ಟಗೆ ಮಾಡಿದಳು.

“ಇವತ್ತು ಪಾಳಿ ನಂದು. ನಿನ್ನ ಡ್ಯೂಟಿ ಮುಗೀತು ಕಣೋ.”

ಅವನು ಅವಳ ಬರಿಗೈಗಳನ್ನು ಬಹಳ ಹೊತ್ತು ನೋಡಿದ. ನಂಬಿದನೋ, ದಣಿದನೋ, ಮಾತ್ರೆ ಬಾಯಿಗೆ ಹಾಕಿಕೊಂಡು, ಗೋಡೆ ಕಡೆ ತಿರುಗಿ ಮಲಗಿದ. ಅಕ್ಕನ ಕಡೆ ಮಾತ್ರ ತಿರುಗಲಿಲ್ಲ. ಅಕ್ಕ ಕಣ್ಣೊರೆಸಿಕೊಳ್ಳಲು ಕೈಯೆತ್ತಿದವಳು, ಕಾವಲಿನವರು ಹಾಗೆ ಮಾಡುವುದಿಲ್ಲವೆಂದು ನೆನಪಾಗಿ, ಕೈಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡಳು.