ಸುವಾನಿಯಲ್ಲಿ ಸಾಲು ಹೇಳಿಕೊಟ್ಟವರು

ಸೌತ್ ಕೆರೊಲಿನಾದ ಕೊಲಂಬಿಯಾ ಊರಿನ ಮಹಾದೇವಕ್ಕ 2021ರಲ್ಲಿ ಇಡೀ ಅಮೆರಿಕಕ್ಕೊಂದು ಕನ್ನಡ ಒಪೆರಾ ಕಂಪನಿ ಕಟ್ಟಿದಾಗ ನಾವು ಗಾಯಕರು ಬೆರಳೆಣಿಕೆಯಷ್ಟು. ಇವತ್ತು ಅಟ್ಲಾಂಟಾ, ಷಾರ್ಲೆಟ್‌ಗಳಲ್ಲೂ ನಮ್ಮ ತಂಡಗಳಿವೆ. ಆ ಪುಣ್ಯ ಯಾರದೋ, ನಡೆದದ್ದನ್ನು ಹೇಳುತ್ತೇನೆ.

ಅಟ್ಲಾಂಟಾ ಬಳಿಯ ಸುವಾನಿಯ ಬಾಡಿಗೆ ಥಿಯೇಟರಿನಲ್ಲಿ, ಮಧ್ಯಾಹ್ನ, ಅಕ್ಕನೇ ಬರೆದ ಒಪೆರಾದ ಮೊದಲ ಪ್ರದರ್ಶನ. ಇದು ಕೆಟ್ಟರೆ ಕಂಪನಿ ಮುಚ್ಚುವುದು ಖಚಿತವಾಗಿತ್ತು. ನಾಯಕಿಯಾಗಿದ್ದ ನಾನು ಕೊನೆಯ ಹಾಡಿನ ನಡುವೆ ಸಾಲು ಮರೆತು ನಿಂತುಬಿಟ್ಟೆ. ಉರಿಯುವ ದೀಪಗಳ ಕೆಳಗೂ ಪಾದಗಳು ಕೊರೆಯತೊಡಗಿದವು. ಕಿವಿಯ ಪಕ್ಕದಲ್ಲೇ ಮುದಿ ಹೆಣ್ಣುದನಿಯೊಂದು ಮೆಲ್ಲಗೆ ಹಾಡಿತು: "ದಡ ಯಾವುದಾದರೇನು ಮಗಳೇ, ದನಿ ನಿಲ್ಲದಿರಲಿ." ಉಸಿರಿನಲ್ಲಿ ಏಲಕ್ಕಿಯ ವಾಸನೆ. ಕೇಳಿದಂತೆಯೇ ಹಾಡಿದೆ. ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪರದೆ ಬಿದ್ದಮೇಲೆ ಅಕ್ಕನನ್ನು ತಬ್ಬಿಕೊಂಡೆ. "ಸಾಲು ಹೇಳ್ಕೊಟ್ಟು ಕಾಪಾಡಿದ್ರಿ, ಥ್ಯಾಂಕ್ಸ್ ಅಕ್ಕಾ."

ಅವರ ಮುಖ ಬಿಳಿಚಿತು. "ನಾ ಹಿಂದ ಲೈಟ್ ರೂಮಿನ್ಯಾಗ ಇದ್ದೆ, ಹರಿಣಿ. ಆ ಸಾಲು ನಾ ಬರದೇ ಇಲ್ಲ."

ಅದನ್ನು ಹಾಡಿನಲ್ಲೇ ಉಳಿಸಿಕೊಂಡೆವು. ಯಾರೆಂದು ತಿಳಿಯದಿದ್ದರೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಕಳೆದ ತಿಂಗಳು ಷಾರ್ಲೆಟ್‌ನಲ್ಲಿ ನನ್ನ ಪಾತ್ರವನ್ನು ಇಲ್ಲೇ ಹುಟ್ಟಿಬೆಳೆದ ಶ್ರಾವಣಿ ಮಾಡಿದಳು. ಈ ವಿಷಯ ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ಮುಗಿದೊಡನೆ ಓಡಿಬಂದಳು.

"ಆಂಟಿ, ಸ್ಟೇಜ್ ಮೇಲೆ ಆ ಅಜ್ಜಿ ಯಾರು? ಶಿ ಗೇವ್ ಮಿ ದ ನೆಕ್ಸ್ಟ್ ಲೈನ್."